ಮೊಣಕಾಲ ಮೇಲಿನ ತೋಳು

ನನ್ನ ತಂಗಿಯದು ಕೋಟು ಹೊಲಿಯುವ ಅಂಗಡಿ. ಕಾಜಾ ಹಾಕಿ ಗುಂಡಿ ಕೂರಿಸುವುದು ನನ್ನ ಪಾಲಿನ ಕೆಲಸ. ಎರಡು ವರ್ಷದ ಹಿಂದೆ ತರಬೇತಿ ಕೇಂದ್ರದವರು ನಮ್ಮಲ್ಲಿಗೆ ಒಬ್ಬ ಹುಡುಗಿಯನ್ನು ಕಳಿಸಿದರು. ಶುಕ್ರವಾರ ಅವಳಿಗೆ ಕೇಂದ್ರದಲ್ಲಿ ಪಾಠ, ಉಳಿದ ದಿನ ನಮ್ಮಲ್ಲಿ ಕೆಲಸ. ಸಣ್ಣಗೆ, ಚುರುಕಾಗಿ ಇದ್ದದ್ದರಿಂದ ಗುಬ್ಬಿ ಎಂದು ಕರೆದೆವು. ಗುರುವಾರ ಸಂಜೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು, ಮರುದಿನ ನನ್ನ ಕಣ್ಣಿಗೆ ತೊಂದರೆಯಾಗಬಾರದೆಂದು.

ತಂಗಿಗೂ ಅವಳೆಂದರೆ ಜೀವ. ಕೇಂದ್ರದಲ್ಲಿ ಪಾಠ ಹೇಳುವ ಮೇಡಂ ಎಂದರೆ ಮಾತ್ರ ಹೊಟ್ಟೆಯುರಿ.

"ಅಕ್ಕ, ಕತ್ತರಿಸೋಕೆ ಮುಂಚೆ ಬಟ್ಟೆಗೆ ಇಸ್ತ್ರಿ ಹಾಕ್ಬೇಕಂತೆ, ಮೇಡಂ ಹೇಳಿದ್ರು," ಎಂದು ಶನಿವಾರ ಬಂದೊಡನೆ ಗುಬ್ಬಿ ತಂಗಿಗೆ ಹೇಳುವಳು.

"ಓಹೋ! ಹಾಗಾದ್ರೆ ಇಪ್ಪತ್ತೆಂಟು ವರ್ಷದಿಂದ ನಾನು ಇಸ್ತ್ರಿಪೆಟ್ಟಿಗೇಲಿ ನೊಣ ಹೊಡೀತಿದ್ನಾ?"

ಕೊನೆಯ ಪರೀಕ್ಷೆಗೆ ಕೂರಬೇಕಾದರೆ ಅವಳ ತರಬೇತಿ ಪುಸ್ತಕಕ್ಕೆ ತಂಗಿಯ ಸಹಿ ಬೀಳಬೇಕಿತ್ತು, ಈ ಹುಡುಗಿ ಒಬ್ಬಳೇ ಒಂದು ಕೋಟು ಹೊಲಿಯಬಲ್ಲಳು ಎಂದು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಗುಬ್ಬಿ ಕೋಟು ಮುಗಿಸಿ ವಾರವಾಗಿತ್ತು. ತೋಳು ಇನ್ನೂ ಸರಿ ಕೂತಿಲ್ಲ ಎಂದು ತಂಗಿ ದಿನಾ ರಾಗ ಎಳೆಯುತ್ತಿದ್ದಳು. ತೋಳು ಚೆನ್ನಾಗಿಯೇ ಕೂತಿತ್ತು.

"ಪಾಪ, ಯಾಕೆ ಅವಳನ್ನ ಆಟ ಆಡಿಸ್ತೀಯೆ?" ಎಂದೆ.

"ಪಾಸಾದ್ಮೇಲೆ ಫೋಟೋದಲ್ಲಿ ಪಕ್ಕ ನಿಲ್ಲೋಳು ಯಾರು? ಆ ಮಹಾತಾಯಿ! ಎರಡು ವರ್ಷ ಗಂಟಲು ಹರ್ಕೊಂಡೋಳು ನಾನು."

ಸಹಿಗೆ ಗೊತ್ತುಮಾಡಿದ್ದ ಕೊನೆಯ ದಿನ ಮೇಡಂ ತಾವೇ ಅಂಗಡಿಗೆ ಬಂದರು. ಗುಬ್ಬಿ ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಳು. ಮೇಡಂ ಕೋಟನ್ನು ಒಳಹೊರಗೆ ತಿರುಗಿಸಿ ನೋಡಿದರು. ಮುಖ ಬಿಗಿದಿತ್ತು.

"ಇದನ್ನೂ ಮೊಣಕಾಲ ಮೇಲೆ ಇಟ್ಕೊಂಡೇ ಹೊಲಿದಿದ್ದಾಳೆ, ಅಲ್ವಾ?"

ಕೋಟಿನ ಭುಜವನ್ನು ತನ್ನ ಮೊಣಕಾಲಿಗೆ ತೊಡಿಸಿ ತೋಳು ಕೂರಿಸುವುದು ತಂಗಿಯ ರೂಢಿ. ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

"ಹೌದು. ಏನೀಗ?" ಎಂದಳು ತಂಗಿ.

"ನಾವು ಗೊಂಬೆಗೆ ಹಾಕಿ ಹೊಲಿಯೋದು ಹೇಳ್ಕೊಡ್ತೀವಿ. ಇವಳು ಅಲ್ಲೂ ಮೊಣಕಾಲೇ! ಎರಡು ಸಲ ಅಂಕ ಕಳೆದೆ. ಆದ್ರೂ 'ನಮ್ಮಕ್ಕ ಹೀಗೇ ಮಾಡೋದು' ಅಂತಾಳೆ. ಶುಕ್ರವಾರ ಬಂತು ಅಂದ್ರೆ ಅಕ್ಕ, ಅಕ್ಕ, ಅಕ್ಕ. ನನ್ನ ಪಾಠ ಯಾರಿಗ್ರೀ ಬೇಕು? ಈಗ ಉಳಿದ ಹುಡುಗೀರೂ ಮೊಣಕಾಲಿಗೆ ಇಳಿದಿದ್ದಾರೆ!"

ತಂಗಿ ಗುಬ್ಬಿಯ ಕಡೆ ತಿರುಗಿದಳು. "ಅಂಕ ಹೋಯ್ತು ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ..."

ತಂಗಿ ಪುಸ್ತಕ ಎಳೆದುಕೊಂಡು, ಕೆಳಗಿನ ಹಾಳೆಗೂ ಅಚ್ಚು ಬೀಳುವಷ್ಟು ಒತ್ತಿ ಸಹಿ ಹಾಕಿದಳು. ಆಮೇಲೆ ಮೇಡಮ್ಮಿಗೆ ಕುರ್ಚಿ ಸರಿಸಿ, ದನಿ ತಗ್ಗಿಸಿ ಕೇಳಿದಳು: "ಅಲ್ಲಿ ನನ್ನ ಬಗ್ಗೆ ಇನ್ನೇನೇನು ಹೇಳ್ತಾಳೆ?"

"ಇಲ್ಲಿ ನನ್ನ ಬಗ್ಗೆ ಏನಾದ್ರೂ ಹೇಳ್ತಾಳಾ? ಮೊದಲು ಅದು ಹೇಳಿ," ಎಂದರು ಮೇಡಂ, ಅಷ್ಟೇ ಆಸೆಯಿಂದ.

"ನಿಮ್ಮ ಬಗ್ಗೆನಾ?" ತಂಗಿ ಸೂರು ನೋಡುತ್ತ ಯೋಚಿಸುವವಳಂತೆ ಮಾಡಿದಳು. "ಇಲ್ಲಪ್ಪ. ಅಂಥದ್ದೇನೂ ನೆನಪಿಲ್ಲ."

ಗುಬ್ಬಿ ಏನೋ ಹೇಳಲು ಬಾಯಿ ತೆರೆದಳು. ಸಹಿ ಬಿದ್ದಾಯಿತು, ಪುಸ್ತಕ ತೆಗೆದುಕೊಂಡು ಮೊದಲು ಹೊರಡು ಎಂದು ನಾನು ಕಣ್ಣಲ್ಲೇ ಗದರಿದೆ.