ಎಡಕ್ಕೆ ಹೋಗುವ ಕೈ

ಆರು, ಅಲ್ಲ, ಏಳು — ಗೋಣಿಚೀಲದ ಮಡಿಕೆಯಲ್ಲಿ ಇನ್ನೊಂದು ಮಿಸುಕಾಡುತ್ತಿದೆ, ಉಳಿದವೆಲ್ಲ ತಾಯಿನಾಯಿಯ ಹೊಟ್ಟೆಗೆ ಮುಗಿಬಿದ್ದಿದ್ದರೆ ಇದೊಂದು ಗೋಡೆಗೆ ಬಾಯಿ ಹಾಕುತ್ತಿದೆ, ಪಾಪದ್ದು, ನೋಡಬಾರದಿತ್ತು ಅಂದುಕೊಂಡ ಅವನು, ನೋಡಿದರೆ ಹೆಬ್ಬೆರಳು ಸುಮ್ಮನಿರುವುದಿಲ್ಲ, ಹತ್ತೊಂಬತ್ತು ವರ್ಷ ಹ್ಯಾಚರಿಯಲ್ಲಿ ಆಗಷ್ಟೇ ಮೊಟ್ಟೆಯೊಡೆದ ಕೋಳಿಮರಿಗಳನ್ನು ವಿಂಗಡಿಸಿದ ಹೆಬ್ಬೆರಳು, ಮರಿ ಅಂಗೈಗೆ ಬಂತೋ, ಹೊಟ್ಟೆ ಸವರಿ ಹೊಕ್ಕುಳು ಮುಟ್ಟಿ ಹೇಳಿಬಿಡುತ್ತದೆ, ಬದುಕುವುದು ಬಲಕ್ಕೆ, ಪೆಟ್ಟಿಗೆಗೆ, ಬದುಕದ್ದು ಎಡಕ್ಕೆ, ನೀಲಿ ಬಕೆಟ್ಟಿಗೆ, ಎಲ್ಲ ರೆಪ್ಪೆ ಬಡಿಯುವಷ್ಟರಲ್ಲಿ, ಅದಕ್ಕೇ ಜೊತೆಯವರು ಅವನನ್ನು ತಕ್ಕಡಿ ಅಂತಲೇ ಕರೆಯುವುದು, ತಕ್ಕಡಿ ಸುಳ್ಳು ಹೇಳಿದ್ರೂ ಇವನ ಕೈ ಹೇಳಲ್ಲ ಕಣ್ರೋ ಅಂತ ಮೇಸ್ತ್ರಿ ನಗುತ್ತಾನೆ, ಅವನೂ ನಕ್ಕಿದ್ದುಂಟು, ಬಕೆಟ್ಟಿನೊಳಗಿಂದ ಚಿಲಿಪಿಲಿ ಕೇಳಿಸುತ್ತಲೇ ಇರುತ್ತಿತ್ತು, ಮೇಲಿನವು ಕೆಳಗಿನವನ್ನು ಮುಚ್ಚುತ್ತಾ ಹೋದ ಹಾಗೆ ಸಣ್ಣಗಾಗುತ್ತಿತ್ತು, ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಹೊಟ್ಟೆಪಾಡಿಗೆ ಕಲಿತದ್ದು ಮಾತ್ರ ಹೋಗುತ್ತದೆಯೇ.

ಬೆಳಿಗ್ಗೆ ಹೆಂಡತಿ ಅವನ ಮುಖ ನೋಡದೆ ಹೇಳಿದ್ದಳು, ಮರೀನ ಮಗಳೇ ಆರಿಸ್ಲಿ, ನೀವು ಕೈ ಹಾಕ್ಬೇಡಿ — ಅಷ್ಟೇ, ಅಷ್ಟರಲ್ಲೇ ಹನ್ನೊಂದು ವರ್ಷ ಬಂದುಹೋಯಿತು, ಆಸ್ಪತ್ರೆಯ ಹಸಿರು ಪರದೆ, ಅವಳಿ ಅಂದಿದ್ದಳು ನರ್ಸು, ಮೊದಲು ಈ ಮಗಳು, ಆಮೇಲೆ ಟವೆಲ್ಲಿನಲ್ಲಿ ಇನ್ನೊಂದು, ಅಂಗೈಗೆ ಭಾರವೇ ಇಲ್ಲ, ಹೆಬ್ಬೆರಳು ಟವೆಲ್ಲಿನೊಳಗೆ ಹೋಯಿತು, ಹೊಟ್ಟೆ ಸವರಿತು, ಅವನು ಅದನ್ನು ಮಂಚದ ಎಡಗಡೆ ಮಲಗಿಸಿ ದೊಡ್ಡದನ್ನು ಎತ್ತಿಕೊಂಡ, ಡಾಕ್ಟರು ಉಳಿಯಲ್ಲ ಅಂತ ಬಾಯಿಬಿಟ್ಟಿದ್ದು ಆಮೇಲೆ, ಅದು ಸಂಜೆಯವರೆಗೆ ಉಸಿರಾಡಿತು, ಅವನು ಎತ್ತಿಕೊಳ್ಳಲಿಲ್ಲ, ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಹೆಂಡತಿಗೆ ಅಷ್ಟು ದೂರ ಕೈ ಎಟುಕಲಿಲ್ಲ, ನೀವು ಅದನ್ನ ಎಡಕ್ಕಿಟ್ರಿ ಅಂದಳು, ಆ ಮಾತು ಅವಳು ಎರಡನೇ ಸಲ ಹೇಳಿಲ್ಲ, ಹೇಳಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಗುತ್ತಿತ್ತು, ಮಗಳಿಗೆ ತನಗೊಬ್ಬಳು ತಂಗಿ ಇದ್ದಳೆಂದೇ ಗೊತ್ತಿಲ್ಲ.

ಅಪ್ಪಾ ನೀನೇ ಆರಿಸು, ನಿಂಗೆ ಮರಿಗಳು ಗೊತ್ತಲ್ವಾ ಅನ್ನುತ್ತಿದ್ದಾಳೆ ಈಗ, ಬೇಡ ಮಗಳೇ ನೀನೇ ತಗೋ ಅಂದ, ಅವಳು ಕೇಳಬೇಕಲ್ಲ, ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲು ಮಾಡಿಕೊಂಡು ಪಕ್ಕಕ್ಕೇ ಬಂದು ನಿಂತಿದ್ದಾಳೆ, ಬಡಗಿಯ ಕೊಟ್ಟಿಗೆ, ಮರದ ಹೊಟ್ಟಿನ ವಾಸನೆ, ಆ ಕಡೇದೊಂದು ಬಿಡಿ, ನಾಳೆ ನಾಡಿದ್ದರಲ್ಲಿ ಹೋಗುತ್ತೆ ಅಂತ ಬಡಗಿ ಹಲಗೆಯ ಮೇಲೆ ರಂದ ಎಳೆಯುತ್ತಲೇ ಹೇಳಿದ, ಹೋಗುತ್ತೆ ಅಂದನಲ್ಲ, ಸುಳ್ಳಿರಬಹುದು, ಇವನೇನು ಬಲ್ಲ, ಮರ ಬಲ್ಲ, ಒಂದು ಸಲ, ಒಂದೇ ಸಲ ಈ ಹೆಬ್ಬೆರಳು ತಪ್ಪಲಿ, ಸಣ್ಣದನ್ನೇ ಒಯ್ದು ಇವಳ ಅಮ್ಮನ ಕೈಗಿಡುತ್ತೇನೆ — ಬಗ್ಗಿದ, ಎತ್ತಿದ, ಬೆಚ್ಚಗಿದೆ, ತರಗೆಲೆಯಷ್ಟೂ ತೂಕವಿಲ್ಲ, ಹೆಬ್ಬೆರಳು ಆಗಲೇ ಹೊಟ್ಟೆಯ ಮೇಲಿದೆ, ಹೊಕ್ಕುಳು ಒದ್ದೆ, ಬೇಡ, ಹೇಳಬೇಡ, ಹೇಳಿಬಿಟ್ಟಿತು, ಕೈ ಅವನನ್ನು ಕೇಳದೆ ಎಡಕ್ಕೆ ಹೋಯಿತು, ಬೆರಳು ಬಿಚ್ಚಿಕೊಂಡವು.

ಮರಿ ಮಗಳ ಮಡಿಲಲ್ಲಿ ಬಿತ್ತು, ಅಲ್ಲೇ ಅಲ್ಲವೇ ಅವಳು ನಿಂತಿದ್ದದ್ದು, ಅಪ್ಪಾ ಇದನ್ನೇ ಆರಿಸಿದ್ಯಾ, ನಂಗೂ ಇದೇ ಬೇಕಿತ್ತು, ಕಣ್ಣು ಅರಳಿವೆ ಅವಳವು, ಇದು ಬದುಕುತ್ತೆ ಅಲ್ವಾ ಅಪ್ಪಾ, ಹ್ಞೂಂ ಅಂದ, ಬದುಕುತ್ತೆ ಮಗಳೇ, ಮನೆಯ ಬಾಗಿಲಲ್ಲಿ ಅವಳಮ್ಮ ನಿಂತಿರುತ್ತಾಳೆ, ಯಾರು ಆರಿಸಿದ್ದು ಅನ್ನುತ್ತಾಳೆ, ಅಪ್ಪಾನೇ ಅನ್ನುತ್ತಾಳೆ ಇವಳು ಹಿಗ್ಗಿನಿಂದ, ಎದೆಗೊತ್ತಿಕೊಂಡಿದ್ದಾಳೆ ಈಗ, ಮರಿ ಅವಳ ಫ್ರಾಕಿನ ಗುಂಡಿಗೆ ಬಾಯಿ ಹಾಕಿ ಚೀಪುತ್ತಿದೆ, ಬಾ ಹೋಗೋಣ ಅನ್ನಬೇಕು, ಕೈ ಇನ್ನೂ ಅಲ್ಲೇ ಚಾಚಿದೆ, ಎಡಕ್ಕೆ, ಬೆರಳು ಬಿಚ್ಚಿ, ಅದರ ಕೆಳಗೆ ಹ್ಯಾಚರಿಯ ನೀಲಿ ಬಕೆಟ್ಟು, ಬಕೆಟ್ಟಿನ ಅಂಚು, ನೀಲಿ