ಉಳಿದ ಪಿನ್ನುಗಳು

ಲಿಫ್ಟಿನ ಬ್ರೇಕಿನ ಡ್ರಾಯಿಂಗ್ ಅವಳದೇ. ಕಿರುಬೆರಳು ದಪ್ಪದ ಒಂದು ಪಿನ್ನು, ಅದರ ಮೇಲೆ ತಿರುಗುವ ಒಂದು ತೋಳು. ಲಿಫ್ಟು ಓಡುವಾಗ ತೋಳು ತೆರೆದಿರುತ್ತದೆ. ನಿಂತ ಕೂಡಲೇ ಸ್ಪ್ರಿಂಗು ಅದನ್ನು ಎಳೆದು ಗಾಲಿಯನ್ನು ಬಿಗಿಯಾಗಿ ಹಿಡಿಸುತ್ತದೆ. ಯಾವ ಎರಡು ಪಿನ್ನುಗಳೂ ತದ್ರೂಪವಾಗಿರುವುದಿಲ್ಲ, ತೋಳಿನ ತೂತುಗಳೂ ಅಷ್ಟೆ. ಅದಕ್ಕೇ ಎರಡಕ್ಕೂ ಇಷ್ಟರಿಂದ ಇಷ್ಟರವರೆಗೆ ಎಂದು ಮಿತಿ ಬರೆದಿದ್ದಳು, ಸ್ವಲ್ಪ ಧಾರಾಳವಾಗಿಯೇ. ಮಿತಿಯ ಅಂಚಿನ ದಪ್ಪ ಪಿನ್ನು ಕಿರಿದಾದ ತೂತಿಗೆ ಸಿಕ್ಕರೆ ತೋಳು ತಿರುಗದೆ ಸಿಕ್ಕಿಕೊಂಡೀತು ಎಂಬುದು ಗೊತ್ತಿತ್ತು. ಆದರೆ ಪರೀಕ್ಷೆಗೆ ಬಂದ ಬ್ರೇಕುಗಳಲ್ಲಿ ಒಂದೂ ತಕರಾರು ಮಾಡಲಿಲ್ಲ. ಅಂಥ ಜೋಡಿ ಅಪರೂಪ ಎಂದುಕೊಂಡು ಸಹಿ ಹಾಕಿದ್ದಳು.

ಈಗ ದೂರುಗಳು ಬರುತ್ತಿದ್ದವು. ಹೊಸ ಲಿಫ್ಟುಗಳ ಬಗ್ಗೆ ಒಂದೂ ಇಲ್ಲ. ಎಲ್ಲವೂ ರಿಪೇರಿಯಲ್ಲಿ ಪಿನ್ನು ಬದಲಿಸಿದ ಮೇಲಿನವು. ಬೆಳಿಗ್ಗೆ ಸರಿಯಿದ್ದ ಬ್ರೇಕು ಓಡಿ ಓಡಿ ಬಿಸಿಯಾದ ಮೇಲೆ ಗಾಲಿಯನ್ನು ಹಿಡಿಯುವುದೇ ಇಲ್ಲವಂತೆ. ವಾಪಸು ಬಂದ ಪಿನ್ನುಗಳನ್ನು ಅಳೆದರೆ ಎಲ್ಲವೂ ಮಿತಿಯೊಳಗೇ.

ತಲೆ ಕೆಟ್ಟು, ಮಧ್ಯಾಹ್ನದ ಮೇಲೆ ಜೋಡಣೆಯ ವಿಭಾಗಕ್ಕೆ ಇಳಿದಳು. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು ತೋಳೊಂದಕ್ಕೆ ಪಿನ್ನು ತೂರಿಸಿದಳು. ಬಿಗಿ ಎನಿಸಿತೇನೋ, ತೆಗೆದು ಪಕ್ಕಕ್ಕಿಟ್ಟು ಇನ್ನೊಂದನ್ನು ತೂರಿಸಿದಳು. ಅದು ಸಲೀಸಾಗಿ ಇಳಿಯಿತು.

ಹೀಗೆ ಹುಡುಕಿ ಹುಡುಕಿ ಹಾಕುತ್ತೀರಾ ಎಂದು ದೊಡ್ಡಕ್ಕನನ್ನು ಕೇಳಿದಳು.

“ಮತ್ತೆ? ಹೊಂದ್ಬೇಕಲ್ಲ ಮೇಡಂ. ನೀವು ಡ್ರಾಯಿಂಗ್ ಬರೆದು ಮದುವೆ ಮಾಡಿ ಕೂತ್ಬಿಡ್ತೀರಿ. ಸಂಸಾರ ತೂಗಿಸೋರು ನಾವು.”

ಸಾಲಿನವರೆಲ್ಲ ನಕ್ಕರು. ಅವಳಿಗೂ ನಗು ಬಂತು, ಅರ್ಧಕ್ಕೇ ನಿಂತಿತು. ಪರೀಕ್ಷೆಗೆ ಬಂದ ಬ್ರೇಕುಗಳೂ ಇದೇ ಕೈಗಳಿಂದ ಹೊಂದಿಸಿಕೊಂಡೇ ಬಂದಿದ್ದವು.

“ಯಾವುದಕ್ಕೂ ಹೊಂದದೆ ಉಳಿಯೋ ದಪ್ಪ ಪಿನ್ನು ಏನ್ಮಾಡ್ತೀರಿ?”

“ಪಾಸಾಗಿರೋ ಮಾಲು, ಎಸೆಯೋಕಾಗತ್ತಾ? ಆ ಡಬ್ಬಿಗೆ ಹಾಕ್ತೀವಿ. ರಿಪೇರಿಯೋರಿಗೆ ಸ್ಪೇರ್ ಅಂತ ಹೋಗತ್ತೆ.”

ಹೊರಗೆ ಹೋಗುವ ಬಿಡಿ ಪಿನ್ನುಗಳಲ್ಲಿ ದಪ್ಪನೆಯದು ಅಪರೂಪವಲ್ಲ, ಹೋಗುವುದೆಲ್ಲ ಅದೇ. ಈ ಬೆಳಿಗ್ಗೆ ಅವಳ ಮನೆಯಿರುವ ಕಟ್ಟಡದ ಲಿಫ್ಟಿಗೂ ಅಂಥದೊಂದು ಬಿದ್ದಿತ್ತು. ಕಿರ್ರೆನ್ನುತ್ತಿದೆ ಎಂದು ಮೆಕ್ಯಾನಿಕ್ಕನ ಬೆನ್ನು ಬಿದ್ದು ಕರೆಸಿದವಳು ಅವಳೇ. ಅವನು ಪೊಟ್ಟಣ ತೋರಿಸಿ, ನಿಮ್ಮ ಕಂಪನಿಯದೇ ಮೇಡಂ, ಒರಿಜಿನಲ್ಲು ಎಂದು ಹಲ್ಲು ಕಿರಿದಿದ್ದ. ದಿನವಿಡೀ ಓಡಿ ಅದೀಗ ಕಾದಿರುತ್ತದೆ. ಅಮ್ಮ ಮೊಮ್ಮಗಳನ್ನು ಶಾಲೆಯಿಂದ ಕರೆತರುವ ಹೊತ್ತು. ಅಮ್ಮನ ಮಂಡಿಗೆ ಮೆಟ್ಟಿಲು ಆಗದು.

ಅಮ್ಮನಿಗೆ ಮಾಡಿದ ಫೋನು ತುಂಬ ಹೊತ್ತು ಬಡಿದುಕೊಂಡಿತು.

“ಲಿಫ್ಟೊಳಗೆ ಈಗ ಕಾಲಿಟ್ಟೆ ಕಣೆ, ಮನೆಗೆ ಹೋಗಿ ಮಾಡ್ಲಾ?”

“ಅಮ್ಮ, ಚಿನ್ನೀನ ಕರ್ಕೊಂಡು ಆಚೆ ಬಾ.”

“ನನ್ನ ಮಂಡಿ ಅವಸ್ಥೆ ನಿಂಗೆ—”

“ಬಾಮ್ಮ. ಮೊದಲು ಬಾ.”

ಚೀಲ ಉಜ್ಜಿದ ಸದ್ದು. ಬಟನ್ ನಾನೇ ಒತ್ತಬೇಕಿತ್ತು ಎಂದು ಮಗುವಿನ ರಾಗ. ಮಗಳ ಹುಚ್ಚಾಟದ ಬಗ್ಗೆ ಅಮ್ಮನ ಗೊಣಗಾಟ. ಅದು ತಟ್ಟನೆ ನಿಂತಿತು.

“ಏನೇ ಇದು,” ಅಮ್ಮನ ದನಿ ತಗ್ಗಿತು. “ಬಾಗಿಲು ತೆರೆದೇ ಇದೆ, ಒಳಗೆ ಯಾರೂ ಇಲ್ಲ. ತಾನಾಗೇ ಮೇಲಕ್ಕೆ ಹೋಗ್ತಿದೆ.”

ಖಾಲಿ ಲಿಫ್ಟಿಗಿಂತ ಹಗ್ಗದ ಇನ್ನೊಂದು ತುದಿಗೆ ಕಟ್ಟಿರುವ ಎದುರು ತೂಕ ಭಾರ. ಬ್ರೇಕು ಹಿಡಿಯದಿದ್ದರೆ ಲಿಫ್ಟು ಮೇಲಕ್ಕೇ ಹೋಗಬೇಕು. ಬಾಗಿಲಿನ ಹತ್ತಿರ ಯಾರನ್ನೂ ಬಿಡಬೇಡ, ಕಾವಲುಗಾರನನ್ನು ಕರೆದು ಕರೆಂಟು ತೆಗೆಸು ಎಂದು ಹೇಳಿ, ಅವಳು ಡಬ್ಬಿಯತ್ತ ತಿರುಗಿದಳು. ತಳ ಕಾಣುತ್ತಿತ್ತು.

“ಇದರಲ್ಲಿದ್ದವು?”

“ನಿನ್ನೇನೇ ಪ್ಯಾಕಿಂಗ್‌ನೋರು ತಗೊಂಡು ಹೋದ್ರಲ್ಲ. ಎಲ್ಲೆಲ್ಲಿಗೋ ಹೋಗ್ತವಪ್ಪ, ನಮಗೇನು ಗೊತ್ತು.”

ಮಾತಾಡುತ್ತಲೇ ದೊಡ್ಡಕ್ಕನ ಬೆರಳಿಗೆ ಇನ್ನೊಂದು ಪಿನ್ನು ಬಿಗಿ ಎನಿಸಿತು. ರೂಢಿಯಂತೆ ಅದನ್ನು ಡಬ್ಬಿಗೆ ಹಾಕಿದಳು. ಖಾಲಿ ಡಬ್ಬಿ ಟಣ್ ಎಂದಿತು.