ಮೂರು ಪದರ ರೇಷ್ಮೆ

ದಾನ್‌ಮೆ ಕೈ ತೆಗೆಯಲೇ ಇಲ್ಲ. ಹಾಸಿಗೆಯ ಪರದೆಯ ಅಂಚಿನಿಂದ ಚಾಚಿದ್ದ ರಾಜಮಾತೆಯ ಮಣಿಕಟ್ಟಿನ ಮೇಲೆ ಅವಳ ಮೂರು ಬೆರಳು ಇಟ್ಟಲ್ಲೇ ಇದ್ದವು. ಕೋಣೆಗೆ ಅಡ್ಡ ನಿಲ್ಲಿಸಿದ್ದ ಮಡಿಕೆತೆರೆಯ ಆಚೆ ಕೂತಿದ್ದ ಆಸ್ಥಾನ ವೈದ್ಯ ಪ್ಯೊ ಎರಡು ಸಲ ಕೆಮ್ಮಿದ. ಅವಳು ನಾಡಿ ಹೇಗಿದೆ ಎಂದು ಹೇಳಬೇಕು, ಅವನು ಔಷಧ ಬರೆಯಬೇಕು. ರಾಜಧಾನಿ ಹನ್‌ಯಾಂಗಿನ ಅರಮನೆಯಲ್ಲಿ ಅದು ನಡೆದುಬಂದ ರೀತಿ. ರಾಣಿವಾಸದ ಹೆಂಗಸರನ್ನು ವೈದ್ಯ ಮುಟ್ಟುವಂತಿಲ್ಲ. ಮುಟ್ಟಲೆಂದು ಇಟ್ಟ ದಾನ್‌ಮೆಯಂಥ ವೈದ್ಯಹೆಣ್ಣು ರೋಗದ ಹೆಸರು ಎತ್ತುವಂತಿಲ್ಲ.

ಒಂಬತ್ತು ದಿನದಿಂದ ದಾನ್‌ಮೆ ಒಂದೇ ಮಾತು ಹೇಳುತ್ತಿದ್ದಳು: ನಾಡಿ ಆಳದಲ್ಲಿದೆ, ಕ್ಷೀಣವಾಗಿದೆ. ಕ್ಷೀಣ ಎಂದ ಮೇಲೆ ನಿಶ್ಶಕ್ತಿ, ನಿಶ್ಶಕ್ತಿ ಎಂದ ಮೇಲೆ ಮೈಗೆ ಕಾವು ಕೊಡುವ ಜಿನ್ಸೆಂಗ್ ಬೇರಿನ ಕಷಾಯ. ಪ್ಯೊ ದಿನದಿನಕ್ಕೆ ಬೇರಿನ ತೂಕ ಏರಿಸಿದ, ರಾಜಮಾತೆ ದಿನದಿನಕ್ಕೆ ಇಳಿದುಹೋದಳು. ಅವಳೇನಾದರೂ ತೀರಿಕೊಂಡರೆ ಪ್ಯೊಗೆ ಯಾವುದಾದರೂ ದ್ವೀಪಕ್ಕೆ ಗಡೀಪಾರು. ದಾನ್‌ಮೆಗೆ ಬಡಿಗೆಯ ಏಟು, ಉಳಿದರೆ ಮತ್ತೆ ಜೊಲ್ಲಾ ಸೀಮೆಯ ಜೀತ. ಹನ್ನೆರಡನೆಯ ವಯಸ್ಸಿಗೆ ಆ ಜೀತದ ಪಟ್ಟಿಯಿಂದಲೇ ಅವಳನ್ನು ಆರಿಸಿ ತಂದು ಓದು ಕಲಿಸಿದ್ದರು.

ತಪ್ಪು ಇದ್ದದ್ದು ಅವಳ ಬೆರಳ ಕೆಳಗಿನ ಬಟ್ಟೆಯಲ್ಲಿ. ನಾಡಿ ನೋಡುವಾಗ ಮಣಿಕಟ್ಟಿಗೆ ಒಂದು ಪದರ ತೆಳು ರೇಷ್ಮೆ ಹೊದಿಸುವುದು ಪದ್ಧತಿ. ರಾಣಿವಾಸದ ಹಿರಿಯ ಊಳಿಗದವಳು ಮೆಂಗ್, ಒಡತಿ ಮದುವೆಯಾಗಿ ಬಂದ ದಿನದಿಂದ ನೆರಳಾಗಿ ಇದ್ದವಳು, ಕಾಯಿಲೆ ಹೆಚ್ಚಿದಂತೆ ಪದರವನ್ನೂ ಹೆಚ್ಚಿಸಿದ್ದಳು. ಜೀತದವಳ ಬೆರಳಿನ ಕಾವು ಆ ಮೈಗೆ ತಾಗಬಾರದೆಂಬ ಪ್ರೀತಿ ಅವಳದು. ಅರಮನೆಯಲ್ಲಿ ಪ್ರೀತಿಯೂ ಬಟ್ಟೆ ಹೊದಿಸಿಕೊಂಡೇ ಬರುತ್ತದೆ.

"ಈ ಬಟ್ಟೆ ತೆಗೀಬೇಕು ಅಮ್ಮಾ," ಎಂದಳು ದಾನ್‌ಮೆ.

ಮೆಂಗ್ ಬೆಚ್ಚಿಬಿದ್ದಳು. "ತಲೆ ನೆಟ್ಟಗಿದೆಯೇನೇ ನಿಂಗೆ?"

"ನಿನ್ನೆ ಹಿಂಗೇ ಮೂರು ಪದರ ನನ್ ಕೈಗೇ ಸುತ್ಕೊಂಡು ನೋಡ್ದೆ. ನಾಡಿ ನೋಡಿದ್ರೆ ನಾನೂ ಸಾಯೋಳ ಹಂಗೇ ಇದ್ದೆ. ಆಮೇಲೆ ಕೂತು ಎರಡು ಬಟ್ಟಲು ಅನ್ನ ತಿಂದೆ."

ಪರದೆಯೊಳಗಿಂದ ಒಣಗಿದ ನಗೆಯೊಂದು ಕೇಳಿತು. ಒಂಬತ್ತು ದಿನದಲ್ಲಿ ಅಲ್ಲಿಂದ ನರಳಾಟವಲ್ಲದೆ ಬೇರೇನೂ ಕೇಳಿರಲಿಲ್ಲ.

"ತೆಗೀಲಿ ಬಿಡೇ ಮೆಂಗ್," ಎಂದಳು ರಾಜಮಾತೆ. "ಸಾಯೋಳಿಗೆ ಇನ್ನೆಂಥಾ ಮರ್ಯಾದೆ."

ಬರಿ ಚರ್ಮದ ಮೇಲೆ ಬೆರಳಿಟ್ಟ ಕೂಡಲೇ ದಾನ್‌ಮೆಗೆ ತನ್ನ ಮೇಲೇ ನಾಚಿಕೆಯಾಯಿತು. ಎಂಥ ಆಳ, ಎಂಥ ಕ್ಷೀಣ! ನಾಡಿ ಮೇಲಕ್ಕೇ ಇತ್ತು. ಬಿರುಸಾಗಿ, ದಡದಡನೆ ಬೆರಳನ್ನು ನೂಕುತ್ತಿತ್ತು. ಒಳಗೆಲ್ಲೋ ಬೆಂಕಿ ಬಿದ್ದಿರುವ ಮೈಗೆ ತಾವೆಲ್ಲ ಸೇರಿ ಒಂಬತ್ತು ದಿನ ಸೌದೆ ಹಾಕಿದ್ದರು. ನೋವು ಎಲ್ಲಿ ಎಂದು ಅವಳು ಮೆಲ್ಲಗೆ ಕೇಳಿದಳು. ಮುದುಕಿಯ ಸುಡುವ ಕೈ ಅವಳ ಕೈಯನ್ನು ಹಿಡಿದು ಪರದೆಯೊಳಗೆ ಎಳೆದುಕೊಂಡಿತು, ಮೇಲಂಗಿಯ ಗಂಟು ದಾಟಿಸಿ ಎಡ ಮೊಲೆಯ ಕೆಳಗೆ ಇಟ್ಟಿತು. ಅಲ್ಲೊಂದು ಗಡ್ಡೆಯಿತ್ತು. ಒತ್ತಿದರೆ ಒಳಗೆ ಮೆತ್ತಗೆ ತುಳುಕುತ್ತಿತ್ತು, ಚೆನ್ನಾಗಿ ಮಾಗಿದ ಕೀವು. ಇದನ್ನು ಹೊತ್ತುಕೊಂಡು, ನಾಡಿಯ ಮಿಡಿತಕ್ಕೂ ಕಿವಿಗೊಡುವ ಆ ಮನೆಯಲ್ಲಿ, ಮರ್ಯಾದೆಗೆ ಅಂಜಿ ಯಾರಿಗೂ ಹೇಳದೆ ಆ ಹೆಂಗಸು ಸಾಯಲು ತಯಾರಾಗಿದ್ದಳು. ಮೆಂಗ್ ಬಾಯಿಗೆ ಮೇಲಂಗಿಯ ಪಟ್ಟಿ ಒತ್ತಿಕೊಂಡು ಅಳತೊಡಗಿದಳು.

ದಾನ್‌ಮೆ ತೆರೆಯ ಬಳಿ ಬಂದು ಮೊಣಕಾಲೂರಿ, ಕಂಡದ್ದನ್ನೆಲ್ಲ ಹೇಳಿದಳು. ರೋಗದ ಹೆಸರನ್ನೂ ಹೇಳಿದಳು. ಇವತ್ತೇ ಸೀಳಬೇಕು ಎಂದೂ ಹೇಳಿದಳು. ರಾಜವಂಶದ ಮೈಗೆ ಲೋಹ ಸೋಕಿಸಬೇಕಾದರೆ ಅರಸನಿಗೆ ಅರಿಕೆ ಮಾಡಬೇಕು, ಮಂತ್ರಿಗಳು ಕೂರಬೇಕು, ಗಳಿಗೆ ನೋಡಬೇಕು, ಮೂರು ದಿನವಾದರೂ ಬೇಕು ಎಂದ ಪ್ಯೊ.

"ಮೂರು ದಿನ ಮಂತ್ರಿಗಳಿಗೆ ಇದೆ ಸ್ವಾಮಿ, ಕೀವಿಗಿಲ್ಲ," ಎಂದಳು. "ಒಂಬತ್ತು ದಿನ ತಪ್ಪು ಹೇಳಿದ್ದು ನಾನೇ. ಇವತ್ತು ಹೇಳ್ತಿರೋದು ತಪ್ಪಲ್ಲ."

ಪ್ಯೊ ಕುರುವಿನ ವೈದ್ಯಕ್ಕೆ ಹೆಸರಾದ ಮನೆತನದವನು. ನಲವತ್ತೊಂದು ವರ್ಷದ ಚಾಕರಿಯಲ್ಲಿ ಈ ತೆರೆಯ ಆಚೆಯ ಒಂದು ಮುಖವನ್ನೂ ಅವನು ನೋಡಿರಲಿಲ್ಲ. ಹೂಂ ಎಂದರೂ ತಲೆ ಹೋಗಬಹುದು, ಉಹೂಂ ಎಂದರೂ ಹೋಗಬಹುದು. ಕೊನೆಗೆ ತೆರೆಯ ಕೆಳಗಿನ ಸಂದಿಯಿಂದ ಕೊಂಬಿನ ಪೆಟ್ಟಿಗೆಯೊಂದು ಜಾರಿಕೊಂಡು ಬಂತು. ಅದರಲ್ಲಿ ಅವನ ತಂದೆಯ ಕಾಲದ, ಕುರು ಸೀಳುವ ಅಗಲಬಾಯಿಯ ಸೂಜಿ.

"ಅಡ್ಡ ಸೀಳಬೇಡ," ಎಂದ, ತೀರಾ ಸಣ್ಣ ದನಿಯಲ್ಲಿ.

"ಗೊತ್ತು ಸ್ವಾಮಿ."

ಪರದೆ ಎತ್ತಿದರು. ಮೆಂಗ್ ಒಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾನ್‌ಮೆ ಸೂಜಿಯನ್ನು ದೀಪದಲ್ಲಿ ಕಾಯಿಸಿದಳು, ಆರಿಸಿದಳು, ಒಂದೇ ಒಂದು ಸಲ ಉಸಿರೆಳೆದು ಗಡ್ಡೆಗೆ ಇಳಿಸಿದಳು. ಆ ಕೈ ಒಂದಿಷ್ಟೂ ಅಲುಗಲಿಲ್ಲ. ಕೆಳಗೆ ಒಂದು ರಾಜ್ಯದ ತಾಯಿ, ಹಿಂದೆ ಬಡಿಗೆ ಹಿಡಿದು ಕಾದ ಇಡೀ ಅರಮನೆ, ಆದರೂ ಮೀನು ಶುಚಿ ಮಾಡುವ ಹೆಂಗಸಿನಷ್ಟು ನಿರಾಳವಾಗಿ ಅವಳು ಕೆಲಸ ಮಾಡಿದಳು. ಮೆಂಗ್ ಅಳು ಮರೆತು ಆ ಬೆರಳುಗಳನ್ನೇ ನೋಡಿದಳು. ಇವೇ ಬೆರಳು ಮೈಗೆ ತಾಗಬಾರದೆಂದು ತಾನು ರೇಷ್ಮೆ ಹೊದಿಸಿದ್ದು. ಅರ್ಧ ಬೋಗುಣಿ ಕೀವು ಇಳಿಯಿತು. ರಾಜಮಾತೆ ಹಲ್ಲು ಕಚ್ಚಿಕೊಂಡಿದ್ದವಳು, ಗಾಯ ತೊಳೆದು ಕಟ್ಟುವ ಹೊತ್ತಿಗೆ ಕಣ್ಣು ಬಿಟ್ಟು, ತಳ ಹಿಡಿದ ಸೀಕಲು ಅನ್ನಕ್ಕೆ ಹೊಯ್ದ ಬಿಸಿನೀರು ಕುಡಿಯಬೇಕು ಎಂದಳು. ಬಟ್ಟಲು ಖಾಲಿ ಮಾಡಿ, ಎಲ್ಲರ ಮುಂದೆಯೇ ಗೊರಕೆ ಹೊಡೆಯತೊಡಗಿದಳು.

ದಾನ್‌ಮೆ ಬೋಗುಣಿ ಎತ್ತಿಕೊಂಡು ತೆರೆ ದಾಟಿ ಹೊರಬಂದಳು. ಅಧಿಕಾರದ ಕರಿ ಟೋಪಿ ಹಾಕಿದ್ದ ಪ್ಯೊ ಎದ್ದು ನಿಂತು ಅವಳ ಕೈಯಿಂದ ಬೋಗುಣಿ ತೆಗೆದುಕೊಂಡ. ಅದರೊಳಗೆ ಬಹಳ ಹೊತ್ತು ನೋಡಿದ. ಅದನ್ನು ತಾನೇ ಮೂಲೆಯಲ್ಲಿಟ್ಟು ಬಂದು, ಬರೆಯುವ ಮಣೆಯ ಮುಂದೆ ಕೂತು ಕುಂಚ ಅದ್ದಿದ.

"ಹೇಳಮ್ಮಾ," ಎಂದ, "ಏನು ಬರೀಲಿ?"

ಅವಳು ಬಾಗಿಲ ಕಂಬಕ್ಕೆ ಒರಗಿ, ಮೊದಲು ಜಿನ್ಸೆಂಗ್ ನಿಲ್ಲಿಸಬೇಕು ಎಂದಳು. ಅವನು ಬರೆದುಕೊಂಡು, ಮುಂದಿನದಕ್ಕೆ ತಲೆಯೆತ್ತಿದ.